ಎಲ್‌ಎಲ್‌ಬಿ ಮುಗಿಸಿ ಹುಬ್ಬಳ್ಳಿ-ಧಾರವಾಡದಲ್ಲೇ ನಿಂತರೆ ನಡೆಯುತ್ತದೆಯೇ?

ಗದಗಿನವರು, ಮೂರು ವರ್ಷದ ಎಲ್‌ಎಲ್‌ಬಿಯ ಕೊನೆಯ ಸೆಮಿಸ್ಟರ್‌ನಲ್ಲಿದ್ದೀರಿ. ಜಡ್ಜ್ ಪರೀಕ್ಷೆಗೆ ಓದಲೋ, ಇಲ್ಲೇ ಸೀನಿಯರ್ ಹತ್ತಿರ ಸೇರಲೋ, ಬೆಂಗಳೂರಿಗೆ ಹೋಗಲೋ ಅಂತ ಕೇಳಿದ್ದೀರಿ. ನಾನು ಹಾವೇರಿ ಕಡೆಯವನು. ಧಾರವಾಡದಲ್ಲಿ ವಕೀಲಿ ಶುರು ಮಾಡಿ ಹನ್ನೊಂದು ವರ್ಷ ಆಯಿತು.

ಜಡ್ಜ್ ಪರೀಕ್ಷೆಯದ್ದು ಮೊದಲು ಹೇಳಿಬಿಡುತ್ತೇನೆ. ಸಿವಿಲ್ ಜಡ್ಜ್ ಆಗಲು ಕನಿಷ್ಠ 3 ವರ್ಷ ವಕೀಲಿ ಮಾಡಿರಬೇಕು ಅಂತ ಸುಪ್ರೀಂ ಕೋರ್ಟ್ 2025ರ ಮೇ 20ರಂದು ಹೇಳಿತು. ತಾತ್ಕಾಲಿಕ ಸನದು, ಅಂದರೆ ಬಾರ್ ಕೌನ್ಸಿಲ್‌ನಲ್ಲಿ ವಕೀಲರಾಗಿ ತಾತ್ಕಾಲಿಕ ನೋಂದಣಿ, ಸಿಕ್ಕ ದಿನದಿಂದಲೇ ಲೆಕ್ಕ. ಹಾಗಾಗಿ ರಿಸಲ್ಟ್ ಬಂದ ಮೇಲೆ ಸುಮ್ನೆ ಕೂರಬೇಡಿ, ಸನದು ಮಾಡಿಸಿ. ಸನದಿನ ಶುಲ್ಕ ಸಾಮಾನ್ಯ ವರ್ಗಕ್ಕೆ 750 ರೂಪಾಯಿ, ಎಸ್‌ಸಿ-ಎಸ್‌ಟಿಗೆ 125. ಅದಕ್ಕಿಂತ ಜಾಸ್ತಿ ಕೇಳುವಂತಿಲ್ಲ ಅಂತ 2024ರ ಜುಲೈನಲ್ಲಿ ತೀರ್ಪು ಬಂದಿದೆ. ವಕೀಲರ ಅಖಿಲ ಭಾರತ ಬಾರ್ ಪರೀಕ್ಷೆಗೆ (ಎಐಬಿಇ) ಹೆದರಬೇಕಿಲ್ಲ. ಟಿಪ್ಪಣಿ ಇಲ್ಲದ ಬೇರ್ ಆಕ್ಟ್ (ಕಾಯ್ದೆಯ ಮೂಲ ಪಠ್ಯದ ಪುಸ್ತಕ) ಒಳಗೆ ಬಿಡುತ್ತಾರೆ.

ಈಗ ದುಡ್ಡಿನ ಮಾತು. ಜೂನಿಯರ್‌ಗಳಿಗೆ ನಗರದಲ್ಲಿ ತಿಂಗಳಿಗೆ 20 ಸಾವಿರ, ಹಳ್ಳಿ ಕಡೆ 15 ಸಾವಿರ ಕೊಡಿ ಅಂತ ಬಾರ್ ಕೌನ್ಸಿಲ್ ಆಫ್ ಇಂಡಿಯಾ 2024ರಲ್ಲಿ ಹೇಳಿದೆ. ಅದು ಸಲಹೆ ಅಷ್ಟೇ. ನನ್ನ ಮೊದಲ ಆಫೀಸಿನಲ್ಲಿ ಎಂಟು ತಿಂಗಳು ಸಿಕ್ಕಿದ್ದು ಬಸ್ ಚಾರ್ಜು, ಚಹಾ. ಸಂಜೆ ಟೈಪಿಂಗ್ ಮಾಡಿ ಖಾನಾವಳಿ ಬಾಕಿ ತೀರಿಸಿದೆ. ನಿಮಗೂ ಹಾಗೇ ಆಗಬೇಕು ಅಂತೇನಿಲ್ಲ. ಆದರೂ ಮನೆಯಲ್ಲಿ ಕೂತು ಎರಡು ವರ್ಷದ ಖರ್ಚು ಹೇಗೆ ಅಂತ ಮೊದಲೇ ಮಾತಾಡಿ. ಎಸ್‌ಸಿ, ಎಸ್‌ಟಿ, ಹಿಂದುಳಿದ ವರ್ಗದ ಹೊಸ ವಕೀಲರಿಗೆ ಸರ್ಕಾರದ ತಿಂಗಳ ಸ್ಟೈಪೆಂಡ್ ಇದೆ. ಅನ್ವಯಿಸಿದರೆ ಅರ್ಜಿ ಕರೆದಾಗ ಬಿಡಬೇಡಿ.

ಧಾರವಾಡದ ಹೈಕೋರ್ಟ್ ಪೀಠ 2008ರಲ್ಲಿ ಸಂಚಾರಿ ಪೀಠವಾಗಿ ಬಂದು 2013ರಲ್ಲಿ ಕಾಯಂ ಆಯಿತು. ಅದರಿಂದ ಈ ಭಾಗದವರಿಗೆ ಕೆಲಸ ಹೆಚ್ಚಿದ್ದು ನಿಜ. ಆದರೆ ನೇರ ಅಲ್ಲಿಗೇ ಹೋಗಬೇಡಿ ಅನ್ನುತ್ತೇನೆ. ಮೊದಲ ಎರಡು ವರ್ಷ ಗದಗಿನಲ್ಲೋ ಹುಬ್ಬಳ್ಳಿಯಲ್ಲೋ ವಿಚಾರಣಾ ನ್ಯಾಯಾಲಯದಲ್ಲಿ ಕಳೆಯಿರಿ. ಸಾಕ್ಷಿ ಪಾಟಿ ಸವಾಲಿನಲ್ಲಿ ಹೇಗೆ ತಡವರಿಸುತ್ತಾನೆ ಅನ್ನುವುದನ್ನು ನೋಡದವರಿಗೆ ಮೇಲ್ಮನವಿಯ ಫೈಲ್ ಬರೀ ಕಾಗದ.

ನಮ್ಮ ಕಡೆ ಕೇಸೆಂದರೆ ಅರ್ಧಕ್ಕರ್ಧ ಹೊಲದ್ದು. ಮೊದಲ ವರ್ಷ ಒಂದು ವಾಟ್ನಿ (ಆಸ್ತಿ ಪಾಲು) ದಾವೆ ಬರೆಯಲು ನನಗೆ ಕೊಟ್ಟರು. ಉತಾರಿಯಲ್ಲಿ (ಹೊಲದ ಪಹಣಿಯಲ್ಲಿ) ಮೂವರು ಅಣ್ಣತಮ್ಮಂದಿರ ಹೆಸರಿತ್ತು. ಒಬ್ಬನನ್ನು ವಾದಿ ಮಾಡಿದೆ, ಇಬ್ಬರನ್ನು ಪ್ರತಿವಾದಿ ಮಾಡಿದೆ, ಮುಗೀತು ಅಂದುಕೊಂಡೆ. ದಾವೆ ದಾಖಲಾದ ಮೇಲೆ ಎದುರು ವಕೀಲರು ಎದ್ದು, ‘ಇವರಿಗೆ ಒಬ್ಬ ಅಕ್ಕ ಇದ್ದಾಳಲ್ಲ, ಅವಳೆಲ್ಲಿ?’ ಅಂದರು. ವಾರಸಾ ಮಾಡಿಸುವಾಗ, ಅಂದರೆ ವಾರಸುದಾರರ ಹೆಸರು ದಾಖಲಿಸುವಾಗ, ಅವಳ ಹೆಸರು ಬಿಟ್ಟಿದ್ದರು, ನಾನೂ ಬಿಟ್ಟಿದ್ದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಮಗಳಿಗೂ ಸಮಪಾಲು ಅಂತ ಪರೀಕ್ಷೆಯಲ್ಲಿ ನಾಲ್ಕು ಪುಟ ಬರೆದವನು ನಾನು! ತಿದ್ದುಪಡಿ ಅರ್ಜಿ ಹಾಕಿ ಅವಳನ್ನು ಸೇರಿಸಬೇಕಾಯಿತು. ಸೀನಿಯರ್ ಬೈದರು. ಆಫೀಸಿನ ಗುಮಾಸ್ತರು ಮಾತ್ರ ಬೈಯಲಿಲ್ಲ. ‘ಸಾಹೇಬರ, ಉತಾರಿ ಆಮೇಲೆ ನೋಡ್ರಿ. ಮೊದಲು ವಂಶಾವಳಿ ಕೇಳ್ರಿ, ಹೆಣ್ಣುಮಕ್ಕಳು ಎಷ್ಟು ಅಂತ ಕೇಳ್ರಿ’ ಅಂದರು. ಉತಾರಿ, ಡೈರಿ (ಹೊಲದ ಹಕ್ಕು ಬದಲಾವಣೆಯ ದಾಖಲೆ), ಹಳೇ ಖರೀದಿ ಪತ್ರ ಓದುವುದನ್ನು ನಾನು ಕಲಿತದ್ದು ಅವರಿಂದ. ಈಗ ಬ್ಯಾಂಕಿನವರು ಸಾಲ ಕೊಡುವ ಮುಂಚೆ ಆಸ್ತಿಯ ಸರ್ಚ್ ರಿಪೋರ್ಟ್ (ದಾಖಲೆ ನೋಡಿ ಹಕ್ಕು ಯಾರದ್ದು ಅಂತ ಕೊಡುವ ವರದಿ) ನನ್ನಿಂದ ಬರೆಸುತ್ತಾರೆ. ತಿಂಗಳ ಖರ್ಚು ಅದರಲ್ಲೇ ನಡೆಯುತ್ತದೆ.

ಆದ್ದರಿಂದ ಸೀನಿಯರ್ ಹುಡುಕುವಾಗ ಬೋರ್ಡಿನ ಹೆಸರು ನೋಡಬೇಡಿ. ಒಂದು ವಾರ ಕೋರ್ಟ್ ಹಾಲ್‌ನಲ್ಲಿ ಹಿಂದೆ ಕೂತು ನೋಡಿ. ಯಾರು ಬರೀ ಮುಂದಿನ ತಾರೀಖು ಕೇಳುತ್ತಾರೆ, ಯಾರು ನಿಂತು ಕೇಸ್ ನಡೆಸುತ್ತಾರೆ, ಯಾರು ಜೂನಿಯರ್‌ಗೆ ಬಾಯಿ ತೆರೆಯಲು ಬಿಡುತ್ತಾರೆ ಅಂತ ಗೊತ್ತಾಗುತ್ತದೆ.

ಬೆಂಗಳೂರು? ಕಂಪನಿ ಕರಾರು ಓದುವ ಕೆಲಸ ಇಷ್ಟ, ಇಂಗ್ಲಿಷ್ ಬರವಣಿಗೆ ಚೆನ್ನಾಗಿದೆ ಅಂದರೆ ಹೋಗಿ. ಇಲ್ಲಿ ಆ ಕೆಲಸ ಕಡಿಮೆ. ಕೋರ್ಟೇ ಬೇಕು ಅಂದರೆ ಅಲ್ಲಿ ಮನೆ ಬಾಡಿಗೆ ಕಟ್ಟಿಕೊಂಡು ಕಲಿಯುವುದಕ್ಕಿಂತ ಗದಗಿನಿಂದ ಓಡಾಡುವುದು ವಾಸಿ ಅಲ್ವಾ?

ಕೊನೆಯ ಸೆಮಿಸ್ಟರ್ ಪರೀಕ್ಷೆಗೆ ಇನ್ನೂ ಟೈಮ್ ಇದ್ದರೆ ನಿಮ್ಮ ಮನೆಯ ಹೊಲದ್ದೇ ಉತಾರಿ, ಡೈರಿ ತೆಗೆಸಿ. ಅಜ್ಜನಿಂದ ಅಪ್ಪನಿಗೆ ಹೆಸರು ಹೇಗೆ ಬಂತು ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಅತ್ತೆಯರ ಹೆಸರು ಮರೆಯಬೇಡಿ.