ಆರು ಗುಂಡು ಸಾಕೇ?

ಪ್ರಶ್ನೆ: ಕಾಫಿ ತೋಟದ ಒಂಟಿ ಮನೆ. ಆತ್ಮರಕ್ಷಣೆಗೆ ಪರವಾನಗಿ ಸಿಕ್ಕಿದೆ. ಆರು ಗುಂಡಿನ .32 ರಿವಾಲ್ವರ್ ಕೊಳ್ಳಲೋ, ಒಂದೆರಡು ಗುಂಡು ಹೆಚ್ಚು ಹಿಡಿಸುವ .32 ಪಿಸ್ತೂಲೋ? – ಓದುಗರು, ಮೂಡಿಗೆರೆ

ಉತ್ತರ: ಆ ಒಂದೆರಡು ಗುಂಡಿನ ಆಸೆಗೆ ಪಿಸ್ತೂಲು ಕೊಳ್ಳಬೇಡಿ. ನ್ಯೂಯಾರ್ಕ್ ಪೊಲೀಸರು 1998ರಿಂದ 2006ರವರೆಗೆ ಎದುರಾಳಿಯೂ ಗುಂಡು ಹಾರಿಸುತ್ತಿದ್ದ ಘಟನೆಗಳಲ್ಲಿ ಹೊಡೆದ ಗುಂಡುಗಳಲ್ಲಿ ಗುರಿ ತಾಗಿದ್ದು ಸುಮಾರು ಶೇ 18. ತರಬೇತಿ ಪಡೆದವರ ಪಾಡೇ ಇದು! ಆ ಲೆಕ್ಕಕ್ಕೆ ಆರರಲ್ಲಿ ಒಂದು ತಾಗೀತು, ಎಂಟರಲ್ಲಿ ಒಂದೂವರೆಯೂ ಇಲ್ಲ. ಉಳಿದವು ಹೋಗುವುದು ಎಲ್ಲಿಗೆ? ಕಿಟಕಿ, ಹಲಗೆ ಬಾಗಿಲು ದಾಟಿ ಕೂಲಿ ಲೈನಿನ ಕಡೆಗೂ ಹೋಗಬಹುದು. ನಾಲ್ಕೈದು ಜನ ನುಗ್ಗಿದರೆ ಹೆಚ್ಚು ಗುಂಡಿದ್ದರೆ ಅನುಕೂಲವೇ. ಆದರೆ ಆರಕ್ಕೂ ಎಂಟಕ್ಕೂ ಇರುವ ಅಂತರ ಅಲ್ಲಿ ದೊಡ್ಡದಲ್ಲ.

ನಿಜವಾದ ವ್ಯತ್ಯಾಸ ಗುಂಡು ಹಾರದಿದ್ದಾಗ. ಮಲೆನಾಡಿನ ಮಳೆಗಾಲದ ಥಂಡಿಗೆ ಹಳೆಯ ತೋಟಾಗಳು (ಮದ್ದು ತುಂಬಿದ ಇಡೀ ಗುಂಡು, ಅಂದರೆ ಕಾರ್ಟ್ರಿಜ್) ಕೈಕೊಡುತ್ತವೆ. ರಿವಾಲ್ವರಿನಲ್ಲಿ ಮತ್ತೆ ಟ್ರಿಗರ್ ಎಳೆದರೆ ಸಿಲಿಂಡರ್ ತಿರುಗಿ ಮುಂದಿನ ತೋಟಾ ಎದುರಿಗೆ ಬರುತ್ತದೆ. ಪಿಸ್ತೂಲಿನಲ್ಲಿ ಹಿಡಿಯೊಳಗೆ ಕೂರುವ ತೋಟಾ ಪೆಟ್ಟಿಗೆಯ, ಅಂದರೆ ಮ್ಯಾಗಜಿನ್‌ನ, ತಳಕ್ಕೆ ತಟ್ಟಿ, ಮೇಲ್ಭಾಗದ ಜಾರುವ ಲೋಹದ ಕವಚವನ್ನು (ಸ್ಲೈಡ್) ಪೂರ್ತಿ ಹಿಂದಕ್ಕೆಳೆದು ಬಿಡಬೇಕು. ಕತ್ತಲಲ್ಲಿ, ನಡುಗುವ ಕೈಯಲ್ಲಿ ಇದು ಅಭ್ಯಾಸವಿಲ್ಲದೆ ಆಗುವ ಕೆಲಸವಲ್ಲ. ಸದ್ದು ‘ಟುಸ್’ ಎಂದರೆ ಮಾತ್ರ ಯಾವುದರಲ್ಲೂ ಮತ್ತೆ ಹೊಡೆಯಬಾರದು. ಗುಂಡು ನಳಿಗೆಯಲ್ಲೇ ಸಿಕ್ಕಿದ್ದರೆ ಮುಂದಿನದು ನಳಿಗೆಯನ್ನೇ ಸೀಳೀತು.

ತೋಟಾ ಕೊಳ್ಳುವಾಗಲೂ ಎಚ್ಚರ. ಎರಡೂ .32 ಎನಿಸಿಕೊಂಡರೂ ರಿವಾಲ್ವರಿನದು ಪಿಸ್ತೂಲಿಗೆ ಆಗದು. ಪರವಾನಗಿಯಲ್ಲಿ ನಮೂದಾದ ಪ್ರಮಾಣದಲ್ಲಿ ಒಂದು ಪಾಲನ್ನು ರೇಂಜಿನಲ್ಲಿ ಐದರಿಂದ ಏಳು ಮೀಟರ್ ದೂರದ ಅಭ್ಯಾಸಕ್ಕೆ ಖರ್ಚು ಮಾಡಿ. ಭಾರತೀಯ ನ್ಯಾಯ ಸಂಹಿತೆಯ 37ನೇ ಕಲಮು ಆತ್ಮರಕ್ಷಣೆಗೆ ಅಗತ್ಯವಿದ್ದಷ್ಟೇ ಹಾನಿಗೆ ಅವಕಾಶ ಕೊಡುತ್ತದೆ. ಅಪಾಯ ಕಳೆದ ಮೇಲೆ ಹಾರಿಸಿದ ಗುಂಡಿಗೆ ಅದರ ಆಸರೆಯಿಲ್ಲ.

ಪ್ರಶ್ನೆ: ಪಿಸ್ತೂಲಿನ ಮ್ಯಾಗಜಿನ್ ಸದಾ ತುಂಬಿಟ್ಟರೆ ಸ್ಪ್ರಿಂಗ್ ಸತ್ತುಹೋಗುತ್ತದೆಯೇ? – ಓದುಗರು, ಸಕಲೇಶಪುರ

ಉತ್ತರ: ಒಳ್ಳೆಯ ಸ್ಪ್ರಿಂಗ್ ಸವೆಯುವುದು ಹೆಚ್ಚಾಗಿ ಮತ್ತೆ ಮತ್ತೆ ತುಂಬಿ ಖಾಲಿ ಮಾಡುವುದರಿಂದ. ತೊಂದರೆ ಬರುವುದು ಬೇರೆ ಕಡೆ: ಮ್ಯಾಗಜಿನ್ ನೆಲಕ್ಕೆ ಬಿದ್ದು ಬಾಯಂಚು ಬಾಗಿದರೆ ತೋಟಾ ಓರೆಯಾಗಿ ಏರಿ ಸಿಕ್ಕಿಕೊಳ್ಳುತ್ತದೆ. .32 ಪಿಸ್ತೂಲ್ ತೋಟಾದ ತಳದಂಚು ಸ್ವಲ್ಪ ಹೊರಚಾಚಿರುತ್ತದೆ. ತುಂಬುವಾಗ ಮೇಲಿನದರ ಅಂಚು ಕೆಳಗಿನದರ ಅಂಚಿಗಿಂತ ಮುಂದಿರಬೇಕು, ಹಿಂದೆ ಸರಿದರೆ ಎರಡೂ ಕೊಂಡಿ ಹಾಕಿಕೊಳ್ಳುತ್ತವೆ. ಆಗ ಸ್ಲೈಡ್ ಎಳೆದರೂ ಬಿಡದು, ಮ್ಯಾಗಜಿನ್ ಹೊರತೆಗೆದೇ ಬಿಡಿಸಬೇಕು.