ಮೆಡೋದಲ್ಲಿ ಮೇಯುತ್ತಿರುವ ದನ ಯಾರದು?

ಇಂಗ್ಲಿಷ್ ಕಥೆಯೊಂದನ್ನು ಅನುವಾದಿಸುತ್ತಿರುವ ಶಿರಸಿಯ ಓದುಗರೊಬ್ಬರು, ‘ಮೆಡೋ’ ಮತ್ತು ‘ಪಾಸ್ಚರ್’ ಎರಡಕ್ಕೂ ನಿಘಂಟಿನಲ್ಲಿ ‘ಹುಲ್ಲುಗಾವಲು’ ಎಂದೇ ಇರುವಾಗ ತಾವೂ ಹಾಗೆಯೇ ಬರೆದರೆ ತಪ್ಪೇನೆಂದು ಕೇಳಿದ್ದಾರೆ.

ಮಾನ್ಯರೇ, ಹೂಬಿಟ್ಟ ಹಸಿರು ಬಯಲನ್ನೆಲ್ಲ ಮೆಡೋ ಎನ್ನುವುದು ಇಂದಿನ ಇಂಗ್ಲಿಷಿನಲ್ಲಿ ರೂಢಿಯೇ ಆಗಿರುವುದರಿಂದ ನಿಮ್ಮ ನಿಘಂಟನ್ನು ಪೂರ್ತಿಯಾಗಿ ದೂರಲಾರೆ. ಆದರೆ ಆ ಪದ ಹುಟ್ಟಿದ್ದು ಹೂವಿನಿಂದಲ್ಲ, ಕೊಯ್ಲಿನಿಂದ. ಹುಲ್ಲು ಕೊಯ್ಯುವುದನ್ನು ಹೇಳುವ ‘ಮೋ’ ಎಂಬ ಕ್ರಿಯಾಪದಕ್ಕೂ ಅದಕ್ಕೂ ಬೇರು ಒಂದೇ. ಇಂದು ಯುದ್ಧ, ಭೂಕಂಪಗಳ ಸುದ್ದಿಯಲ್ಲಿ ತಪ್ಪದೆ ಕಾಣುವ ‘ಆಫ್ಟರ್‌ಮ್ಯಾತ್’ ಕೂಡ ಮೊದಲ ಕೊಯ್ಲಿನ ನಂತರ ಚಿಗುರುವ ಹುಲ್ಲಿನ ಹೆಸರಾಗಿತ್ತು. ಪಾಸ್ಚರ್ ಎಂಬುದಾದರೋ ಮೇಯಿಸು ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದದ್ದು. ಅಂದರೆ ಮೆಡೋ ಹುಲ್ಲು ಕೊಯ್ಯುವ ನೆಲ, ಪಾಸ್ಚರ್ ದನ ಮೇಯಿಸುವ ನೆಲ.

ಈ ಭೇದ ಪಂಡಿತರ ಕುಸುರಿಯಲ್ಲ. ಇಂಗ್ಲೆಂಡಿನ ಚಳಿಗಾಲದಲ್ಲಿ ಹುಲ್ಲು ಬೆಳೆಯುವುದೇ ಕಡಿಮೆಯಾದ್ದರಿಂದ, ಬೇಸಿಗೆಯಲ್ಲಿ ಕೊಯ್ದು ಒಣಗಿಸಿಟ್ಟ ಹುಲ್ಲಿನಿಂದಲೇ ದನಗಳು ಬದುಕಬೇಕಾಗಿತ್ತು. ಆದ ಕಾರಣ ವಸಂತದಿಂದ ಕೊಯ್ಲಿನವರೆಗೆ ಮೆಡೋದೊಳಗೆ ದನ ಬಿಡುತ್ತಿರಲಿಲ್ಲ. ಅನೇಕ ಕಡೆ ಆಗಸ್ಟ್ 1ರ ಲ್ಯಾಮಸ್ ಹಬ್ಬದ ಹೊತ್ತಿಗೆ ಅದನ್ನು ಊರ ದನಗಳಿಗೆ ತೆರೆಯುತ್ತಿದ್ದರು. ಇಂಗ್ಲೆಂಡಿನ ಭೂಮಿಕಾಣಿಯ ಲೆಕ್ಕ ಹಿಡಿದ 1086ರ ಡೂಮ್ಸ್‌ಡೇ ದಾಖಲೆಯನ್ನು ಬರೆದ ಗುಮಾಸ್ತರು ಮೆಡೋ, ಪಾಸ್ಚರ್ ಎರಡನ್ನೂ ಬೇರೆ ಬೇರೆಯಾಗಿಯೇ ನಮೂದಿಸಿದ್ದಾರೆ. ಅವರಿಗಿದ್ದ ಎಚ್ಚರ ನಮ್ಮ ನಿಘಂಟುಕಾರರಿಗೆ ಬೇಡವಾಯಿತೇ?

ಮೆಡೋದ ಪ್ರಸಿದ್ಧ ಹೂಗಳೂ ಈ ಕಟ್ಟುನಿಟ್ಟಿನಿಂದಲೇ ಉಳಿದವು. ಬೀಜ ಉದುರುವವರೆಗೆ ಕುಡುಗೋಲೂ ದನವೂ ಸೋಕದೆ ಇದ್ದುದರಿಂದ, ಇಂಗ್ಲೆಂಡಿನ ಕ್ರಿಕ್ಲೇಡ್ ಪಟ್ಟಣದ ನಾರ್ತ್ ಮೆಡೋದಲ್ಲಿ ಫ್ರಿಟಿಲರಿ ಹೂಗಳು ಈಗಲೂ ಪ್ರತಿ ವಸಂತದಲ್ಲಿ ಅರಳುತ್ತವೆ. ಉಳಿದೆಡೆ ಉಳುಮೆಯೂ ರಾಸಾಯನಿಕ ಗೊಬ್ಬರವೂ ನುಗ್ಗಿ, 1930ರ ದಶಕದಿಂದ 1980ರ ದಶಕದೊಳಗೆ ಇಂಗ್ಲೆಂಡ್ ಮತ್ತು ವೇಲ್ಸ್‌ಗಳ ಇಂಥ ಹುಲ್ಲುನೆಲದಲ್ಲಿ ಸುಮಾರು ಶೇ 97ರಷ್ಟು ಅಳಿಯಿತು. ನೆಲ ಹೋದರೂ ಹೆಸರು ಮಾತ್ರ ದೇಶಾಂತರ ಹೊರಟು, ಹುಲ್ಲುಕಡ್ಡಿಯೂ ಇಲ್ಲದ ಬೆಂಗಳೂರಿನ ವಸತಿ ಬಡಾವಣೆಗಳ ಕಮಾನಿನ ಮೇಲೆ ಕುಳಿತಿದೆ.

ಇನ್ನು ಕನ್ನಡಕ್ಕೆ ಬರೋಣ. ಹುಲ್ಲುಗಾವಲಿನಲ್ಲಿರುವ ‘ಕಾವಲು’, ಅಮೃತಮಹಲ್ ಕಾವಲುಗಳಂತೆ, ದನ ಮೇಯಿಸಲೆಂದು ಕಾದಿಟ್ಟ ನೆಲ. ಪಾಸ್ಚರ್‌ಗೆ ಅದು ಸಲ್ಲುತ್ತದೆ. ಮೆಡೋಗೆ ಪದ ಹುಡುಕುತ್ತ ನೀವು ನಿಘಂಟಿನ ಬಾಗಿಲು ತಟ್ಟಿದಿರಿ, ಶಿರಸಿಯಲ್ಲಿದ್ದೂ ಅಡಕೆ ತೋಟಿಗರ ‘ಬೇಣ’ ನಿಮಗೆ ನೆನಪಾಗಲಿಲ್ಲ! ಅಲ್ಲಿ ದನ ಮೇಯುವುದೂ ಉಂಟು ನಿಜ. ಆದರೂ ಕರಡ, ಅಂದರೆ ಬಲಿತು ಒಣಗಿದ ಹುಲ್ಲು, ಕೊಯ್ದು ತರುವ ನೆಲವೆಂಬ ಅರ್ಥಕ್ಕೆ ಅಷ್ಟು ಹತ್ತಿರದ ಪದ ಬೇರೊಂದಿಲ್ಲ. ಊರಿನವರ ಬಾಯಲ್ಲಿರುವುದನ್ನು ಗ್ರಾಮ್ಯವೆಂದು ಬದಿಗಿಟ್ಟು ಕನ್ನಡ ಬಡವಾಯಿತೆಂದು ಗೋಳಾಡುವುದು ನಮ್ಮ ಅನುವಾದಕರ ಹಳೆಯ ಚಾಳಿ.

ಅಚ್ಚಿಗೆ ಕಳಿಸುವ ಮೊದಲು ಕಥೆ ಯಾವ ತಿಂಗಳಲ್ಲಿ ನಡೆಯುತ್ತದೆಂದು ಒಮ್ಮೆ ನೋಡಿಕೊಳ್ಳಿ. ಜೂನ್ ತಿಂಗಳ ಮೆಡೋದಲ್ಲಿ ನಿಮ್ಮ ಅನುವಾದದ ಹಸು ನೆಮ್ಮದಿಯಿಂದ ಮೇಯುತ್ತಿದ್ದರೆ, ಅದು ತುಡುಗು ದನವೇ ಸರಿ.