ಶಿಫ್ಟ್ ಮೀಟಿಂಗ್‌ನಲ್ಲಿ ಯಾರೂ ಬಾಯಿ ಬಿಡಲ್ಲ, ಏನು ಮಾಡಲಿ?

ಸೂಪರ್‌ವೈಸರ್ ಆಗಿ ಮೂರು ತಿಂಗಳಾಯ್ತು, ಎಲ್ಲರೂ ತಲೆಯಾಡಿಸ್ತಾರೆ, ಒಬ್ಬರೂ ಮಾತಾಡಲ್ಲ, ಮಾತುಗಾರಿಕೆಯ ಕೋರ್ಸ್ ಸೇರಲಾ ಅಂತ ಕೇಳಿದ್ದೀರಿ. ಆ ತಲೆಯಾಡಿಸೋದನ್ನು ನಂಬಿ ನಾನು ಒಂದೇ ರಾತ್ರಿ 140 ಪೀಸ್ ಸ್ಕ್ರ್ಯಾಪ್ ಮಾಡಿಸಿದ್ದೇನೆ.

ಪೀಣ್ಯದ ಒಂದು ಸಿಎನ್‌ಸಿ ಶಾಪು, ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಮಷಿನ್‌ಗಳ ಜಾಗ. ಒಂದು ಬುಷ್‌ನ (ಕೊಳವೆಯಂಥ ಬಿಡಿಭಾಗ) ಬೋರ್, ಅಂದರೆ ಒಳಗಿನ ತೂತು, 25 ಎಂಎಂ ಎಫ್7 ಇತ್ತು; ಅಳತೆ 25.020ರಿಂದ 25.041 ಎಂಎಂ ಒಳಗೆ ಬರಬೇಕು ಅಂತ ಅದರ ಅರ್ಥ. ಡ್ರಾಯಿಂಗ್ ಬದಲಾಗಿ ಎಚ್7 ಆಯ್ತು, 25.000ದಿಂದ 25.021. ಮಧ್ಯಾಹ್ನ 2ರ ಮೀಟಿಂಗ್‌ನಲ್ಲಿ ನಾನು ಹೇಳಿದ್ದು ಇಷ್ಟೇ: "ಬುಷ್‌ಗೆ ಹೊಸ ರಿವಿಷನ್ ಬಂದಿದೆ, ಬೋರ್ ಸೈಜ್ ಕೆಳಗೆ ಬಂದಿದೆ, ನೋಡ್ಕೊಳ್ಳಿ. ಅರ್ಥ ಆಯ್ತಲ್ಲ?" ಎಲ್ಲರೂ "ಆಯ್ತು ಸಾರ್" ಅಂದರು.

ಆ ಬುಷ್ ಮಷಿನ್ ಹತ್ತಿದ್ದು ರಾತ್ರಿ 10ರ ಶಿಫ್ಟ್‌ನಲ್ಲಿ. ಹಳೇ ಪ್ಲಗ್ ಗೇಜ್ (ತೂತಿಗೆ ತೂರಿಸಿ ಅಳತೆ ನೋಡುವ ಸಾಧನ; ಗೋ ಕಡೆ ಒಳಗೆ ಹೋಗಬೇಕು, ನೋ ಗೋ ಕಡೆ ಹೋಗಬಾರದು) ಮಷಿನ್ ಪಕ್ಕದ ಟ್ರೇನಲ್ಲೇ ಇತ್ತು. ಆಪರೇಟರ್ ಮೊದಲ ಪೀಸ್ ಚೆಕ್ ಮಾಡಿದ: ಗೋ ಕಡೆ ಒಳಗೆ ಹೋಯ್ತು, ಕೆಂಪು ಪಟ್ಟಿಯ ನೋ ಗೋ ಕಡೆ ನಿಂತಿತು. ಹಳೇ ಗೇಜ್‌ಗೆ ಪೀಸ್ ಸರಿಯಾಗೇ ಇತ್ತು, ಹೊಸ ಡ್ರಾಯಿಂಗ್‌ಗೆ ಬೋರ್ ದೊಡ್ಡದು. ಅವನ ತಪ್ಪು ಎಳ್ಳಷ್ಟೂ ಇಲ್ಲ. ಬೋರ್ ಚಿಕ್ಕದಾಗಿದ್ದರೆ ಮತ್ತೆ ಹತ್ತಿಸಿ ದೊಡ್ಡದು ಮಾಡಬಹುದು, ದೊಡ್ಡದಾದ ಬೋರ್‌ಗೆ ಲೋಹ ತುಂಬೋಕಾಗಲ್ಲ. ಒಂದು ಪೀಸ್‌ಗೆ 3 ನಿಮಿಷದ ಲೆಕ್ಕದಲ್ಲಿ, ಊಟ-ಟೀ ಕಳೆದು, ಬೆಳಗಾಗುವಾಗ 140.

ನನ್ನ ತಪ್ಪು ಎಲ್ಲಿತ್ತು ಅನ್ನೋದನ್ನು ಬಿಡಿಸಿ ಹೇಳ್ತೀನಿ, ನಿಮ್ಮ ಮೀಟಿಂಗ್‌ನಲ್ಲೂ ಅದೇ ಇದೆ. "ಅರ್ಥ ಆಯ್ತಲ್ಲ?" ಅನ್ನೋ ಪ್ರಶ್ನೆಗೆ ನಮ್ಮಲ್ಲಿ ಒಂದೇ ಉತ್ತರ. ಮೇಲಿನವರು ಕೇಳಿದಾಗ "ಇಲ್ಲ ಸಾರ್" ಅಂದರೆ ಹತ್ತು ಜನರ ಮುಂದೆ ದಡ್ಡನಾದ ಹಾಗೆ. "ಆಯ್ತು ಸಾರ್" ಅನ್ನೋದು ಮರ್ಯಾದೆಗೆ ಬರುವ ಮಾತು, ತಿಳಿದಿದ್ದಕ್ಕೆ ಸಾಕ್ಷಿಯಲ್ಲ. ಅದಕ್ಕಿಂತ ದೊಡ್ಡದು ಆ "ನೋಡ್ಕೊಳ್ಳಿ". ಯಾರು ನೋಡ್ಕೋಬೇಕು? ಗೇಜ್ ಬದಲಿಸೋದು ಕ್ವಾಲಿಟಿಯವರ ಕೆಲಸ ಅಂತ ಸೆಟ್ಟರ್ (ಮಷಿನ್ ಹೊಂದಿಸಿ ಕೊಡುವವನು) ಅಂದುಕೊಂಡ, ಸೆಟ್ಟರ್ ಕೇಳಿದಾಗ ಕೊಟ್ಟರಾಯ್ತು ಅಂತ ಕ್ವಾಲಿಟಿಯವರು ಕಾದರು, ರಾತ್ರಿಯವರಿಗೆ ಸಾರ್ ಹೇಳಿರ್ತಾರೆ ಅಂತ ಎರಡನೇ ಶಿಫ್ಟ್‌ನವರು ಮನೆಗೆ ಹೋದರು. ಎಲ್ಲರ ಹೆಸರಿಗೂ ಸೇರಿದ ಕೆಲಸ ಯಾರ ಹೆಸರಿಗೂ ಇರಲಿಲ್ಲ.

ಹಾಗಾಗಿ ಕೋರ್ಸ್ ಬೇಡ. ಎಲ್ಲರೂ ಮಾತಾಡಲೇಬೇಕು ಅನ್ನೋ ಗುರಿಯನ್ನೂ ಬಿಡಿ. ಕೆಲಸ ಮಾಡಬೇಕಾದವನು ಅದನ್ನು ತನ್ನ ಬಾಯಲ್ಲಿ ಒಮ್ಮೆ ಹೇಳಿದರೆ ಸಾಕು. ಬದಲಾವಣೆ ಹೇಳಿದ ಮೇಲೆ ಅವನ ಹೆಸರು ಹಿಡಿದು ಕೇಳಿ: "ಈಗ ಈ ಬುಷ್ ಹತ್ತಿಸಿದರೆ ಯಾವ ಗೇಜ್ ತಗೊಳ್ತೀಯ? ಎಷ್ಟು ಬಂದರೆ ಮಷಿನ್ ನಿಲ್ಲಿಸ್ತೀಯ?" ಕೇಳಿ ಸುಮ್ಮನಿರಿ, ಮನಸ್ಸಲ್ಲೇ ಹತ್ತು ಎಣಿಸಿ. ಹೆಚ್ಚಿನವರು ಮೂರಕ್ಕೇ ತಾಳ್ಮೆಗೆಟ್ಟು ಉತ್ತರ ತಾವೇ ಹೇಳಿಬಿಡ್ತಾರೆ, ಅಲ್ಲಿಗೆ ಮುಗೀತು. ಅವನು ತಪ್ಪು ಹೇಳಿದರೆ "ನಾನು ಸರಿಯಾಗಿ ಹೇಳಿಲ್ಲ" ಅಂತ ಇನ್ನೊಮ್ಮೆ ಹೇಳಿ. ವಿಮಾನದವರು ಇದನ್ನು ಕಡ್ಡಾಯ ಮಾಡಿಕೊಂಡಿದ್ದಾರೆ. 1977ರ ಮಾರ್ಚ್ 27ರಂದು ಸ್ಪೇನ್‌ನ ಟೆನೆರಿಫ್ ದ್ವೀಪದ ರನ್‌ವೇ ಮೇಲೆ ಎರಡು ಜಂಬೋ ಜೆಟ್ ಡಿಕ್ಕಿಯಾಗಿ 583 ಜನ ಸತ್ತರು. ಆವತ್ತು ಪೈಲಟ್ ಹೇಳಿದ್ದಕ್ಕೆ ಕಂಟ್ರೋಲ್ ಟವರ್‌ನಿಂದ ಮೊದಲು ಬಂದ ಮಾತು "ಓಕೆ". ಅದಾದ ಮೇಲೆ ಅಂಥ ಸಡಿಲ ಮಾತಿನ ಜಾಗಕ್ಕೆ ಗೊತ್ತುಮಾಡಿದ ಪದಗಳನ್ನೇ ಬಳಸಬೇಕು, ಅಪ್ಪಣೆಯನ್ನು ಪೈಲಟ್ ತಿರುಗಿ ಹೇಳಲೇಬೇಕು ಅನ್ನೋದನ್ನು ಬಿಗಿ ಮಾಡಿದರು.

ಮೀಟಿಂಗ್ ಆಫೀಸ್ ರೂಮಲ್ಲಿ ಬೇಡ. ಬೋರ್ಡ್ ಮುಂದೆ, ನಿಂತುಕೊಂಡು, 10 ನಿಮಿಷ. ಹೋಗುವ ಶಿಫ್ಟು, ಬರುವ ಶಿಫ್ಟು ಎರಡೂ ಇರಬೇಕು. ಅದಕ್ಕಾಗಿ ಬರುವವರನ್ನು 10 ನಿಮಿಷ ಮೊದಲೇ ಕರೆಸಬೇಕಾದರೆ ಆ ಹತ್ತು ನಿಮಿಷಕ್ಕೆ ಸಂಬಳ ಕೊಡಿಸಿ, ಪುಕ್ಕಟೆ ನಿಲ್ಲಿಸಿಕೊಂಡರೆ ಅವರ ಕಣ್ಣು ಗಡಿಯಾರದ ಮೇಲೇ. ಮೊದಲ ಮಾತು ಆಪರೇಟರ್‌ದು, ನಿಮ್ಮದು ಕೊನೆಗೆ. ನೀವು "ಟೂಲ್ ಸವೆದಿರಬೇಕು" ಅಂತ ಶುರು ಮಾಡಿದರೆ, ಕೂಲಂಟ್ ಕಮ್ಮಿ ಬರ್ತಿದ್ದದ್ದನ್ನು ಕಣ್ಣಾರೆ ಕಂಡವನೂ "ಹೌದು ಸಾರ್, ಟೂಲೇ" ಅಂತಾನೆ. ಎಷ್ಟು ಆಗಬೇಕಿತ್ತು, ಎಷ್ಟಾಯ್ತು, ಎಷ್ಟು ರಿಜೆಕ್ಟ್, ಯಾವ ಮಷಿನ್ ಎಷ್ಟು ಹೊತ್ತು ನಿಂತಿತ್ತು, ಇದಕ್ಕೆ 4 ನಿಮಿಷ ಸಾಕು. ಉಳಿದದ್ದೆಲ್ಲ ಬದಲಾವಣೆಗೆ. ಬದಲಾಗಿದ್ದನ್ನು ಬಾಯಲ್ಲಿ ಹೇಳೋದಲ್ಲ, ಕೈಗೆ ಕೊಡಿ: ಹೊಸ ಗೇಜ್ ಅವನ ಅಂಗೈ ಮೇಲೆ, ಹಳೇದು ಅವನ ಕಣ್ಣೆದುರೇ ನಿಮ್ಮ ಜೇಬಿಗೆ. ಉತ್ತರ ಕರ್ನಾಟಕದ ಹುಡುಗರ ಪಕ್ಕದಲ್ಲೇ ಒಡಿಶಾ, ಬಿಹಾರದವರು ನಿಂತಿರುವ ಶಾಪ್‌ನಲ್ಲಿ ಅಂಗೈ ಮೇಲಿನ ಗೇಜ್‌ಗೆ ಯಾವ ಭಾಷೆಯೂ ಬೇಡ.

ಬೋರ್ಡ್ ಮೇಲೆ ಪ್ರತಿ ಕೆಲಸಕ್ಕೂ ಒಂದೇ ಹೆಸರು, ಒಂದು ಗಂಟೆ. "ಕ್ವಾಲಿಟಿ – ಇವತ್ತು" ಅಂತ ಬರೆಯಬೇಡಿ, ಡಿಪಾರ್ಟ್‌ಮೆಂಟ್‌ಗೆ ಕೈಕಾಲಿಲ್ಲ. ಎರಡು ನಿಮಿಷ ಮೀರಿದ ಚರ್ಚೆಯನ್ನು ಅಲ್ಲೇ ನಿಲ್ಲಿಸಿ, ಅದಕ್ಕೆ ಬೇಕಾದ ಇಬ್ಬರನ್ನು ಮಾತ್ರ ಉಳಿಸಿಕೊಂಡು ಮಿಕ್ಕವರನ್ನು ಮಷಿನ್‌ಗೆ ಕಳಿಸಿ.

ಬೈಯೋದು ಮೀಟಿಂಗ್‌ನಲ್ಲಿ ಯಾವತ್ತೂ ಬೇಡ. ತಪ್ಪಾದವನ ಹತ್ತಿರ ಒಬ್ಬನೇ ಇದ್ದಾಗ, ಅವನ ಮಷಿನ್ ಪಕ್ಕ ನಿಂತು ಮಾತಾಡಿ. "ಯಾಕೆ ಹೀಗೆ ಮಾಡಿದೆ?" ಅಂದರೆ ನಮ್ಮ ಕಿವಿಗೆ ಅದು ಬೈಗುಳವೇ, ಅವನು ನೆಪ ಹುಡುಕ್ತಾನೆ. "ಮೊದಲು ಏನು ಕಾಣಿಸ್ತು? ಆಮೇಲೆ ಏನು ಮಾಡಿದೆ?" ಅಂತ ಕೇಳಿದರೆ ನಡೆದದ್ದು ನಡೆದ ಹಾಗೇ ಬರುತ್ತೆ. ಆ ರಾತ್ರಿಯ ಆಪರೇಟರ್‌ನನ್ನು ನಾನು ಹಾಗೆ ಕೇಳಿದ್ದಕ್ಕೇ ಟ್ರೇನಲ್ಲಿದ್ದ ಹಳೇ ಗೇಜ್ ವಿಷಯ ಹೊರಗೆ ಬಂದದ್ದು.

ಇನ್ನೊಂದು, ವಾರಕ್ಕೊಮ್ಮೆಯಾದರೂ ರಾತ್ರಿ 10ರ ಮೀಟಿಂಗ್‌ಗೆ ನೀವೇ ಹೋಗಿ. ಬೋರ್ಡ್ ಓದಬೇಡಿ. ಮಧ್ಯಾಹ್ನ ನೀವು ಹೇಳಿದ್ದರಲ್ಲಿ ಏನು ತಲುಪಿದೆ ಅಂತ ಅವರ ಬಾಯಿಂದಲೇ ಕೇಳಿ, ಬಿಟ್ಟುಹೋದದ್ದನ್ನು ಗುರುತು ಹಾಕಿಕೊಂಡು ಮಾರನೇ ದಿನ 2ರ ಮೀಟಿಂಗ್ ಅದರಿಂದಲೇ ಶುರು ಮಾಡಿ.